ಕಾಲರಿನ ಒಳಗೆ

ಸೊಹಾರಿನ ನಮ್ಮ ಶಾಲೆಯ ಹಾಲಿನಲ್ಲಿ ಶುಕ್ರವಾರ ಸಂಜೆ
ತಲೆಯಿಲ್ಲದ ಮೂರು ಮಕ್ಕಳು ನಿಂತಿದ್ದರು ವೇದಿಕೆಯ ಮೇಲೆ.
ಒಂದಕ್ಕೆ ಈಗಿನದೇ ನೀಲಿ ಚೌಕಳಿ, ಒಂದಕ್ಕೆ ಬೂದಿ,
ಮೂರನೆಯದಕ್ಕೆ ಕೋಟು, ಟೈ, ಎದೆಯ ಮೇಲೆ ಜರಿಯ ಲಾಂಛನ.
ಕತ್ತಿದ್ದ ಜಾಗದಲ್ಲಿ ಚೀಟಿ: ಎ, ಬಿ, ಸಿ.

'ಪೋಷಕರ ಅಭಿಪ್ರಾಯಕ್ಕೆ ನಮ್ಮಲ್ಲಿ ಬೆಲೆಯಿದೆ'
ಎಂದರು ಕಾರ್ಯದರ್ಶಿ.
ಎಷ್ಟೆಂದು ಚೀಟಿಯಲ್ಲಿ ಬರೆದಿರಲಿಲ್ಲ.

ಹೊರಗೆ ನಲವತ್ತಾರು ಡಿಗ್ರಿ.
ಒಳಗೆ ಏಸಿಗೆ ನಡುಗುತ್ತಾ ದುಪ್ಪಟ್ಟಾ ಹೊದ್ದು ಕೂತಿದ್ದೆವು.
ಅದಕ್ಕೇ ಇರಬೇಕು, ಕೋಟು
ಅನೇಕರಿಗೆ ಚೆಂದ ಕಂಡದ್ದು.

ಬ್ಯಾಂಕಿನವರೊಬ್ಬರು ಎದ್ದು ಶಿಸ್ತು ಎಂದರು.
ಇನ್ನೊಬ್ಬರು, ಎಲ್ಲ ಮಕ್ಕಳೂ ಸಮವಾಗಿ ಕಾಣಬೇಕು ಎಂದರು.
ಶೈನಿಯ ಅಮ್ಮ, ನೈಟ್ ಡ್ಯೂಟಿಯ ನರ್ಸು,
ಕೂತಲ್ಲೇ ತೂಕಡಿಸುತ್ತಿದ್ದವರು ಎಚ್ಚೆತ್ತು
'ಬಸ್ಸಿನ ಏಸಿ ಕೆಟ್ಟು ಮೂರು ವಾರ ಆಯ್ತಲ್ಲ?' ಎಂದರು.
ಅದು ಇವತ್ತಿನ ವಿಷಯವಲ್ಲ.

ನಾನು ಹೇಳಬೇಕೆಂದಿದ್ದದ್ದು ಇಷ್ಟೇ:
ನನ್ನ ಮಗಳ ಯೂನಿಫಾರ್ಮು ಮೊದಲು ಶೈನಿಯದು,
ಅದಕ್ಕೂ ಮುಂಚೆ ಮೇಲಿನ ಮಹಡಿಯ ರುಕ್ಸಾನಳದು,
ಅದಕ್ಕೂ ಮುಂಚೆ ಯಾರದೋ. ಅವರು ಊರಿಗೆ ಹೋದರು,
ಕಂಪನಿ ಮುಚ್ಚಿತಂತೆ.
ಅಂಗಿಯ ಕಾಲರಿನ ಒಳಗೆ ಹೆಸರುಗಳಿವೆ, ಮಾರ್ಕರಿನಲ್ಲಿ,
ಒಂದನ್ನು ಹೊಡೆದು ಕೆಳಗೆ ಇನ್ನೊಂದು,
ಅದನ್ನು ಹೊಡೆದು ಮತ್ತೊಂದು,
ಎಲ್ಲಕ್ಕಿಂತ ಕೆಳಗೆ, ಹೊಲಿಗೆಯ ಮೇಲೇ ಹತ್ತಿ, ನನ್ನ ಧೃತಿ.
ಒಗೆದು ಒಗೆದು ಮೊದಲ ಹುಡುಗಿಯ ಹೆಸರಲ್ಲಿ
ಈಗ ಕೆ ಎಂಬ ಅಕ್ಷರವೊಂದೇ ಉಳಿದಿದೆ.
ಕಾರ್ತಿಕಾಳೋ ಖದೀಜಳೋ,
ಅವಳ ಬ್ಯಾಗಿನ ಪಟ್ಟಿ ಸವೆಸಿದ ಭುಜದ ಮೇಲೆಯೇ
ನನ್ನ ಮಗಳ ಬ್ಯಾಗೂ ಕೂರುತ್ತದೆ.
ಸ್ಕರ್ಟಿನ ಅಂಚು ಬಿಚ್ಚಿ ಬಿಚ್ಚಿ ಇಳಿಸಿದ್ದೇನೆ,
ಹಳೆಯ ಮಡಿಕೆಗಳು ಬಿಳಿ ಗೆರೆಗಳಾಗಿವೆ,
ಇಳಿತದ ನೀರು ನಿಂತು ನಿಂತು ಹೋದ ಗುರುತಿನ ಹಾಗೆ.

ಇಷ್ಟನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ?
ವಾಕ್ಯ ಜೋಡಿಸಿಕೊಂಡು ಕೈ ಎತ್ತಿದೆ. ಮೈಕು ಬಂತು.
ಬಾಯಿಗೆ ಬಂದದ್ದು 'ಎಷ್ಟಾಗುತ್ತದೆ?'
ಸಭೆ ನಕ್ಕಿತು. ಕೆಟ್ಟದಾಗಿ ಅಲ್ಲ,
ತಾವು ಕೇಳಲಾರದ್ದನ್ನು ಬೇರೆಯವರು ಕೇಳಿಬಿಟ್ಟಾಗ
ನಗುತ್ತಾರಲ್ಲ, ಹಾಗೆ.
'ಕೋಟಿಗೆ ಹದಿನಾಲ್ಕು ರಿಯಾಲ್. ಒಂದೇ ಅಂಗಡಿ.'

ಚೀಟಿ ತುಂಬುವ ಮೊದಲು ಶೌಚಾಲಯ ಹುಡುಕುತ್ತಾ ಹೋದೆ.
ಲ್ಯಾಬಿನ ಪಕ್ಕದ ಓಣಿಯಲ್ಲಿ ಗೋಡೆಗೊರಗಿ
ರಟ್ಟಿನ ಪೆಟ್ಟಿಗೆಗಳು, ನನ್ನೆತ್ತರಕ್ಕೆ.
ಒಂದರ ಟೇಪು ಬಿಟ್ಟುಕೊಂಡಿತ್ತು. ಬೆರಳು ತೂರಿಸಿದೆ:
ಜರಿಯ ಲಾಂಛನ, ಪ್ಲಾಸ್ಟಿಕ್ಕಿನೊಳಗೆ ಬೆಚ್ಚಗೆ,
ಸೈಜು ಇಪ್ಪತ್ತಾರು, ಇಪ್ಪತ್ತೆಂಟು, ಮೂವತ್ತು.
ನಮ್ಮ ಅಭಿಪ್ರಾಯ ಹಡಗಿಳಿದು
ಆಗಲೇ ತಿಂಗಳಾಗಿರಬೇಕು.
ನನ್ನ ಗಂಡನ ಕ್ರೇನೇ ಇಳಿಸಿದ್ದೋ ಏನೋ,
ಒಳಗೇನಿದೆ ಎಂದು ಅವನಿಗೆ ಯಾರು ಹೇಳುತ್ತಾರೆ?

ವಾಪಸು ಬಂದು ಕೂತೆ.
ಪಕ್ಕದವರಿಗೂ ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂದು
ಇವತ್ತಿಗೂ ಗೊತ್ತಿಲ್ಲ.
ಎ ಎಂಬಲ್ಲಿ ಗುರುತು ಹಾಕಿದೆ, ಒತ್ತಿ,
ಕೆಳಗಿಟ್ಟುಕೊಂಡ ಕರೆಂಟು ಬಿಲ್ಲಿನ ಮೇಲೂ ಮೂಡುವಷ್ಟು.

ಆಗಸ್ಟು. ಬೆಳಗಿನ ಆರು ಹತ್ತರ ಬಸ್ಸಿಗೆ
ಕೋಟನ್ನು ಮುಂಗೈ ಮೇಲೆ ಇಳಿಬಿಟ್ಟುಕೊಂಡು ನಿಂತಿದ್ದಾಳೆ ಧೃತಿ,
ಹೋಟೆಲ್ ಸಪ್ಲೈಯರ್ ಥರ ಕಾಣ್ತೀನಿ ಎಂದು ತಾನೇ ನಗುತ್ತಾಳೆ.
ಹಳೆಯ ಸ್ಕರ್ಟು ಅಡುಗೆಮನೆಯ ನೆಲ ಒರೆಸುತ್ತಿದೆ, ಗೆರೆಗಳ ಸಮೇತ.

ನಿನ್ನೆ ರಾತ್ರಿ ಕೋಟಿನ ಕಾಲರಿನ ಒಳಗೆ ಹೆಸರು ಬರೆದೆ,
ಪಟ್ಟಿಯ ಮೇಲ್ತುದಿಗೆ, ಇರುವೆಯಷ್ಟು.
'ಇಷ್ಟು ಚಿಕ್ಕದಾ? ಕಳೆದರೆ ಯಾರಿಗೂ ಕಾಣಲ್ಲ ಅಮ್ಮಾ.'
ಕೆಳಗೆ ಜಾಗ ಬೇಕಲ್ಲ ಮಗಾ, ಅಂದೆ.
ಎದುರು ಮನೆಯ ತೆಲುಗಿನವರ ಹುಡುಗಿಗೆ
ಬರುವ ಚೈತ್ರಕ್ಕೆ ನಾಲ್ಕು ತುಂಬುತ್ತದೆ.